ವಾರ್ನಿಷ್ ಬಳಿಸಿಕೊಂಡ ಒರಳುಕಲ್ಲು

ನಾನು ಒಂದು ಒರಳುಕಲ್ಲು. ಪಾಂಡವಪುರದ ಕಡೆಯ ಬಂಡೆಯೊಂದರಲ್ಲಿ ಹಾಯಾಗಿ ಮಲಗಿದ್ದ ನನ್ನನ್ನು ಕಲ್ಲುಕುಟಿಗ ತಿಮ್ಮಬೋವಿ ಎಬ್ಬಿಸಿ, ನಡುವೆ ಕುಳಿ ತೋಡಿ, ಜೊತೆಗೊಂದು ಗುಂಡುಕಲ್ಲನ್ನೂ ಕಡೆದುಕೊಟ್ಟ. "ಜೋಡಿ ಚೆನ್ನಾಗಿ ಅದೆ, ಬಾಳ್ಕಳಿ" ಎಂದು ಹರಸಿ ಸಂತೆಗೆ ಸಾಗಿಸಿದ. ಉಳಿಯ ಏಟು ನೋಯಲಿಲ್ಲವೇ ಎಂದು ಕೇಳಬೇಡಿ, ಚೆನ್ನಾಗಿಯೇ ನೋಯಿತು.

ಸಂತೆಯಲ್ಲಿ ನನ್ನನ್ನು ಕೊಂಡವಳು ಶ್ರೀರಂಗಪಟ್ಟಣದ ನಿಂಗಮ್ಮ. ಗಂಡ ತೀರಿಹೋಗಿದ್ದ. ಬಸ್ ಸ್ಟ್ಯಾಂಡಿನ ಪಕ್ಕ ತಗಡಿನ ಶೀಟಿನ ಕೆಳಗೆ ಅವಳದೊಂದು ಇಡ್ಲಿ ಅಂಗಡಿ. ಅಕ್ಕಿ, ಉದ್ದು, ಕಾಯಿ, ಹುರಿಗಡಲೆ ಎಲ್ಲ ನನ್ನ ಹೊಟ್ಟೆಯಲ್ಲೇ ತಿರುಗಬೇಕು. ಅವಳ ಚಟ್ನಿ ತಿಂದವರು ಎಲೆ ನೆಕ್ಕುತ್ತಿದ್ದರು. ಅದೆಲ್ಲ ನನ್ನ ಮಹಿಮೆ ಎಂದೇ ನಾನು ತಿಳಿದಿದ್ದೆ. ಈಗಲೂ ಮುಕ್ಕಾಲು ಪಾಲು ಹಾಗೇ ತಿಳಿದಿದ್ದೇನೆ. ಅವಳ ಮಗ ಪುಟ್ಟಬಸವ ನನಗೆ ಒರಗಿ ಕೂತು ಪಾಠ ಓದುತ್ತಿದ್ದ. ಓದುವುದೇನು ಬಂತು, ಓದುವ ಹಾಗೆ ನಟಿಸುತ್ತಿದ್ದ.

ಆ ನಟನೆಯೇ ಅವನ ಕೈ ಹಿಡಿಯಿತು. ಸಿನಿಮಾ ಸೇರಿ ಉಗ್ರಸೇನ್ ಎಂಬ ಹೆಸರಿಟ್ಟುಕೊಂಡು ದೊಡ್ಡ ನಾಯಕನಾದ. ತಾಯಿಯನ್ನು ಮಂಡ್ಯದಲ್ಲಿ ಒಳ್ಳೆಯ ಮನೆಯಲ್ಲಿಟ್ಟ. ಕೋಟೆ ನೋಡಲು ಬರುವ ಟೂರಿಸ್ಟ್ ಬಸ್ಸುಗಳು ನಿಲ್ಲುವ ಜಾಗದಲ್ಲೊಂದು ಹೋಟೆಲ್ ಕಟ್ಟಿಸಿ, 'ನಿಂಗಮ್ಮನ ಕೈರುಚಿ' ಎಂದು ಬೋರ್ಡು ಹಾಕಿಸಿದ. ಬೋರ್ಡಿನ ಮೇಲೆ ತಾಯಿಯ ನಗುಮುಖ ಬೇರೆ.

ಹಳೆಯ ಅಂಗಡಿಯಿಂದ ನನ್ನನ್ನು ತಂದು ಅದರ ಬಾಗಿಲಲ್ಲಿ ಕೂರಿಸಿದರು. ಹೋಟೆಲಿನ ಅಲಂಕಾರಕ್ಕೆ ಬಂದಿದ್ದ ಪುಣ್ಯಾತ್ಮ "ಕಲ್ಲು ಡಲ್ಲಾಗಿ ಅದೆ" ಎಂದು ನನಗೆ ಒಳಗೂ ಹೊರಗೂ ವಾರ್ನಿಷ್ ಬಳಿದುಬಿಟ್ಟ. ಮಿರಮಿರ ಮಿಂಚಿದೆ. ಜನ ಮಕ್ಕಳನ್ನು ನನ್ನೊಳಗೆ ಕೂರಿಸಿ ಫೋಟೋ ಹೊಡೆದುಕೊಂಡರು. ಹೋಟೆಲಿನ ಒಳಗೆ ಮಾತ್ರ ಪ್ಯಾಕೆಟ್ಟಿನ ಪುಡಿಗೆ ನೀರು ಬೆರೆಸಿ ಚಟ್ನಿ ಎಂದು ಬಡಿಸುತ್ತಿದ್ದರು. ಮೇಲೆ ತಳುಕು, ಒಳಗೆ ಹುಳುಕು!

ಹೀಗಿರುವಾಗ ಪತ್ರಿಕೆಯಲ್ಲಿ ಹೋಟೆಲುಗಳ ಬಗ್ಗೆ ಬರೆಯುವ ಅಂಬುಜಾಕ್ಷಿ ಬಂದು ತಿಂದು ಹೋದರು. ಭಾನುವಾರ ಅವರ ಬರಹ ಬಂತು. ಮ್ಯಾನೇಜರ್ ಮಾದಯ್ಯ ಅದನ್ನು ಬಾಗಿಲಲ್ಲೇ ನಿಂತು ಓದಿದ: "ಇಡ್ಲಿ ಮುರಿಯಲು ಹೋದೆ, ಚಮಚ ಬಾಗಿತು. ಸಾಂಬಾರಿನಲ್ಲಿ ಬೇಳೆ ಹುಡುಕಲು ಹರಿಗೋಲು ಬೇಕು. ಗೋಡೆ ತುಂಬ ನಾಯಕರ ಫೋಟೋ, ತಟ್ಟೆಯಲ್ಲಿ ಒಂದೇ ವಡೆ. ಈ ಹೋಟೆಲಿನಲ್ಲಿ ಅಸಲಿಯಾದದ್ದು ಬಾಗಿಲಲ್ಲಿರುವ ಒರಳುಕಲ್ಲು ಮಾತ್ರ. ದುರದೃಷ್ಟಕ್ಕೆ ಅದನ್ನು ಬಡಿಸುವುದಿಲ್ಲ."

ನನ್ನ ಖುಷಿ ಕೇಳಬೇಡಿ! ಉಗ್ರಸೇನನಿಗೆ ಮಾತ್ರ ಮೈಯೆಲ್ಲ ಉರಿಯಿತು. "ಹಂಗಾರೆ ಆ ಕಲ್ಲಲ್ಲೇ ರುಬ್ರಿ! ಆಯಮ್ಮನ್ನ ತಿರ್ಗಾ ಕರೀರಿ!" ಎಂದು ಗುಡುಗಿದ. ರುಬ್ಬಿಯೇಬಿಟ್ಟರು. ವಾರ್ನಿಷ್ ವಿಷಯ ಒಬ್ಬರಿಗೂ ನೆನಪಾಗಲಿಲ್ಲ. ಬೇಡ್ರಪ್ಪಾ ಬೇಡ್ರೋ ಎಂದು ನಾನು ಕೂಗಿದೆ, ಕಲ್ಲಿನ ಕೂಗು ಯಾರಿಗೆ ಕೇಳಬೇಕು?

ಅಂಬುಜಾಕ್ಷಿ ಬಂದರು, ಒಂದು ತುತ್ತಿಗೇ ಕಣ್ಣು ಮುಚ್ಚಿದರು, ಎದ್ದು ಹೋದರು. ಮುಂದಿನ ಭಾನುವಾರ ಬರೆದರು: "ಒರಳುಕಲ್ಲಿನ ಬಗ್ಗೆ ಆಡಿದ ಮಾತು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಚಟ್ನಿಗೆ ಹೊಸ ಮರದ ಬೀರುವಿನ ವಾಸನೆ. ನಿಂಗಮ್ಮನ ಕೈರುಚಿ ಇದೇ ಆದರೆ, ಆ ತಾಯಿ ಅಡುಗೆ ಬಿಟ್ಟು ಬಡಗಿ ಕೆಲಸ ಹಿಡಿಯಬಹುದಿತ್ತು."

ಎರಡು ದಿನವೂ ಕಳೆದಿರಲಿಲ್ಲ, ನಿಂಗಮ್ಮ ಬಸ್ಸಿಳಿದು ಬಂದಳು. ಮಗ ಒಳಗಿದ್ದ.

"ಬೀದಿ ಜನ ಎಲ್ಲ ನಗ್ತಾವ್ರೆ ಕಣ್ಲಾ! 'ನಿಂಗಮ್ಮಾರೆ, ನಮ್ಗೊಂದು ಮಂಚ ಮಾಡ್ಕೊಡಿ' ಅಂತಾವ್ರೆ. ಇಡ್ಲಿ ಮಾರಿ ಸಂಪಾದ್ಸಿದ್ದು ಅದೊಂದು ಹೆಸ್ರು. ತೆಗ್ಸು ಬೋರ್ಡಿಂದ."

"ಅವ್ವಾ, ಹೊಟ್ಟೆಕಿಚ್ಚಿಗೆ ಬರ್ದವ್ರೆ. ನಮ್ಮ ಊಟ ಚೆನ್ನಾಗೇ ಅದೆ."

"ನೀನು ಉಂಡಿದ್ದೀಯೇನ್ಲಾ ಇಲ್ಲಿ?"

ಮೈಕಟ್ಟು ಕೆಡಬಾರದೆಂದು ನಾಯಕನಿಗೆ ಬೇಯಿಸಿದ ಕೋಳಿ, ಸೌತೆಕಾಯಿ ಮನೆಯಿಂದ ಡಬ್ಬಿಯಲ್ಲಿ ಬರುತ್ತಿತ್ತು. ಹೋಟೆಲ್ ಶುರುವಾದಾಗಿನಿಂದ ಇಲ್ಲಿನ ಒಂದು ಅಗುಳನ್ನೂ ಅವನು ಮುಟ್ಟಿರಲಿಲ್ಲ.

"ಕೂತ್ಕೊ" ಎಂದಳು ನಿಂಗಮ್ಮ.

ಪ್ರವಾಸಿಗರ ನಡುವೆಯೇ ಕೂತ. ಇಡ್ಲಿ ಬಾಯಿಗಿಟ್ಟು ಅಗಿದ, ಅಗಿದ, ನುಂಗಲಾರದೆ ನೀರು ಕುಡಿದ. ಸಾಂಬಾರು ಸುರಿದುಕೊಂಡು ಮುಖ ಹಿಂಡಿದ. ಚಟ್ನಿಯನ್ನು ಮೂಸಿ ನೋಡಿ ದೂರ ತಳ್ಳಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಅವ್ವಾ, ಇದ್ನ ಜನ ದುಡ್ ಕೊಟ್ಟು ತಿಂತಾವ್ರಾ?"

ಅವತ್ತೇ ಬೋರ್ಡು ಇಳಿಯಿತು. 'ಪುಟ್ಟಬಸವನ ಹೋಟೆಲ್' ಎಂಬ ಸಣ್ಣ ಬೋರ್ಡು ಏರಿತು. "ಕಲ್ಲು ಉಜ್ಜುಸ್ತೀನಿ, ಅದ್ರಲ್ಲಿ ರುಬ್ಬೋದು ಹೇಳ್ಕೊಡವ್ವ" ಎಂದ ಮಗ. ನಾನು ಎದೆ ಸೆಟೆಸಿ ಕಾದೆ.

"ಅಯ್ಯೋ, ಆ ದರಿದ್ರದ ಕಲ್ಲಾ? ತಿರುಗ್ಸಿ ತಿರುಗ್ಸಿ ನನ್ನ ರೆಟ್ಟೆ ಬಿದ್ದೋಗದೆ. ಮಿಕ್ಸಿಗಾಕ್ಸು. ಕಾಯಿ ಮಾತ್ರ ಹಸೀದಿರ್ಲಿ."

ದರಿದ್ರದ ಕಲ್ಲು! ಇಷ್ಟು ವರ್ಷ ದುಡಿದದ್ದಕ್ಕೆ ಇದೇ ಬಿರುದು. ಮೂರು ದಿನ ನಾನು ಗುಂಡುಕಲ್ಲಿನ ಜೊತೆಯೂ ಮಾತಾಡಲಿಲ್ಲ.

ಈಗ ನಾನು ಹಿತ್ತಲಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ ಇದ್ದೇನೆ. ವಾರ್ನಿಷ್ ಬಿಸಿಲಿಗೆ ಸಿಪ್ಪೆಯೆದ್ದು ಹೋಗಿದೆ. ನನ್ನ ಕುಳಿಯಲ್ಲಿ ನಿಂತ ನೀರನ್ನು ಗುಬ್ಬಿಗಳು ಕುಡಿಯುತ್ತವೆ. ಊರಿನಲ್ಲಿದ್ದಾಗ ಪುಟ್ಟಬಸವ ಈ ಹೋಟೆಲಿನಲ್ಲೇ ಉಣ್ಣುತ್ತಾನೆ. ಅವನು ಹುಬ್ಬು ಗಂಟಿಕ್ಕಿದರೆ ಅಡುಗೆಮನೆಯಲ್ಲಿ ಸೌಟು ಕೈಜಾರುತ್ತದೆ. ಅಂಬುಜಾಕ್ಷಿ ಮತ್ತೊಮ್ಮೆ ಬಂದು "ಪರವಾಗಿಲ್ಲ" ಎಂದು ಬರೆದರು. ಅವರ ಬಾಯಲ್ಲಿ ಅದು ಪದ್ಮಶ್ರೀ ಇದ್ದ ಹಾಗೆ ಎಂದು ಮಾದಯ್ಯ ಎಲ್ಲರಿಗೂ ಸಿಹಿ ಹಂಚಿದ.

ಮೊನ್ನೆ ನಿಂಗಮ್ಮ ಬಂದಿದ್ದಳು. ಹಿತ್ತಲಿಗೇ ತಟ್ಟೆ ತರಿಸಿಕೊಂಡು, ಚಟ್ನಿ ಬಳಿದು ತಿಂದು, ಬೆರಳು ಚೀಪಿದಳು.

"ಈಗ ಬೇಕಾರೆ ನನ್ನೆಸ್ರು ಹಾಕ್ಕೊ ಕಣ್ಲಾ."

ಪಕ್ಕ ನಿಂತಿದ್ದ ಮಗ ಅಡ್ಡಡ್ಡ ತಲೆಯಾಡಿಸಿದ. "ಬ್ಯಾಡ ಬುಡವ್ವ. ನಾಳೆ ಉಪ್ಪು ಜಾಸ್ತಿಯಾದ್ರೆ ಬೈಗುಳ ನಂಗೇ ಬರ್ಲಿ."

ನಿಂಗಮ್ಮ ಅವನನ್ನೇ ನೋಡಿದಳು. ನನ್ನ ಅಂಚಿನ ಮೇಲೆ ಕೂತು, ಕಾಲು ಚಾಚಿ, ಇನ್ನೊಂದು ಇಡ್ಲಿ ತರಿಸಿಕೊಂಡಳು.