ಒಂದೇ ತೊಟ್ಟಿಲ ದಡಾರ

ಮೌನಿಕಾಳ ಕೈಯಿಂದ ಒಂದೇ ದಿನದಲ್ಲಿ ಮೂರನೇ ಸಲ ತಾಟು ಜಾರಿ ಬಿದ್ದಾಗ ಜ್ಯೋತಿಲಕ್ಷ್ಮಿ ಮಗಳನ್ನು ಬೈಯಲಿಲ್ಲ, ಹೆದರಿದಳು. ಒಂಬತ್ತು ವರ್ಷದ ಹುಡುಗಿ. ಒಂದು ತಿಂಗಳಿಂದ ಓದಿದ್ದೆಲ್ಲ ಮರೆಯುತ್ತಿದ್ದಳು. ಈಗ ಕೂತಲ್ಲೇ ಅವಳ ಕತ್ತು ಗಕ್ಕನೆ ಮುಂದಕ್ಕೆ ಬೀಳುತ್ತಿತ್ತು. ಹತ್ತು ಎಣಿಸುವುದರೊಳಗೆ ಮತ್ತೆ ಬೀಳುತ್ತಿತ್ತು.

“ಗಾಳಿ ಸೋಕೈತಿ. ತಾಯತ ಕಟ್ಟಿಸು,” ಎಂದಳು ಅತ್ತೆ ಜಂಬಮ್ಮ. ಕಟ್ಟಿಸಿದ್ದೂ ಆಯಿತು. ಕತ್ತು ಬೀಳುವುದು ನಿಲ್ಲಲಿಲ್ಲ. ಮರುವಾರ ಜ್ಯೋತಿಲಕ್ಷ್ಮಿ ಮಗಳನ್ನು ಕರೆದುಕೊಂಡು ಕುರುಗೋಡಿನಿಂದ ಬಳ್ಳಾರಿ ಬಸ್ಸು ಹತ್ತಿದಳು.

ದೊಡ್ಡಾಸ್ಪತ್ರೆಯಲ್ಲಿ ತಲೆಗೆ ತಂತಿ ಹಚ್ಚಿ ನೋಡಿದರು, ಬೆನ್ನಿನಿಂದ ನೀರು ತೆಗೆದರು. ನಾಲ್ಕನೆಯ ದಿನ ಡಾಕ್ಟರಮ್ಮ ಜ್ಯೋತಿಲಕ್ಷ್ಮಿಯನ್ನು ಕೂರಿಸಿಕೊಂಡು ಕೇಳಿದರು: “ಕೂಸಿದ್ದಾಗ ಇಕಿಗೆ ದಡಾರ ಎದ್ದಿತ್ತೇನಮ್ಮಾ?”

“ಎದ್ದಿತ್ರೀ. ಏಳು ತಿಂಗಳದಾಕಿ, ಸಿರುಗುಪ್ಪದಾಗ ನಮ್ಮವ್ವನ ಮನ್ಯಾಗ ಇದ್ವಿ. ದಡಾರದ ಸೂಜಿ ಹಾಕ್ಸೋ ವಯಸ್ಸು ಇನ್ನೂ ಬಂದಿರ್ಲಿಲ್ಲ. ವಾರದಾಗ ಹೋತು.”

“ಮೈಮ್ಯಾಲಿಂದು ಹೋತು. ಅದರ ವೈರಸ್ಸು ಮಿದುಳಿನಾಗ ಉಳಕೊಂಡೈತಿ. ಈಗ ಎದ್ದೈತಿ.”

“ಗುಣ ಆಗತಾಳಲ್ರೀ?”

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. “ಔಷಧ ಕೊಡ್ತೀವಿ. ಜಡ್ಡು ಸ್ವಲ್ಪ ನಿಧಾನ ಆದೀತು. ಪೂರ್ತಿ ವಾಸಿ ಆಗೂದು ಕಷ್ಟ ಐತಮ್ಮಾ.”

ಅಳು ಬರುವ ಮೊದಲೇ ಜ್ಯೋತಿಲಕ್ಷ್ಮಿಗೆ ಇನ್ನೊಂದು ನೆನಪಾಯಿತು. ಅದೇ ವಾರ, ಅದೇ ತೊಟ್ಟಿಲಲ್ಲಿ, ತಂಗಿ ಅನಿತಾಳ ಕೂಸು ಐಶ್ವರ್ಯಳಿಗೂ ದಡಾರ ಎದ್ದಿತ್ತು.

ವಾರ್ಡಿನ ಹೊರಗೆ ನಿಂತು ಸಿರುಗುಪ್ಪದಲ್ಲಿದ್ದ ಅನಿತಾಳಿಗೆ ಫೋನ್ ಮಾಡಿದಳು. “ಐಶು ಹೆಂಗದಾಳವಾ?”

“ಸಾಲಿಗೆ ಹೋಗ್ಯಾಳಕ್ಕಾ. ಯಾಕ?”

ಹೇಳದೇ ಇದ್ದುಬಿಡಲೇ ಎನಿಸಿತು. ಹೇಳಿದಳು.

ಮರುದಿನ ಮೊದಲ ಬಸ್ಸಿಗೇ ಅನಿತಾ ಮಗಳನ್ನು ಎಳೆದುಕೊಂಡು ಬಂದಳು. ಡಾಕ್ಟರಮ್ಮ ಐಶ್ವರ್ಯಳನ್ನು ನಡೆಸಿ, ಬರೆಸಿ, ಮಾತಾಡಿಸಿ ನೋಡಿದರು. “ಇಕಿಗೇನೂ ಆಗಿಲ್ಲ. ದಡಾರ ಬಂದ ಸಾವಿರಾರು ಮಕ್ಕಳಾಗ ಒಬ್ಬರಿಗೆ ಹಿಂಗಾಗತೈತಿ.”

“ಮುಂದನೂ ಆಗಂಗಿಲ್ಲಂತ ಬರದ್ ಕೊಡ್ರಿ,” ಎಂದಳು ಅನಿತಾ.

“ಹಂಗ ಬರದು ಕೊಡಾಕ ಬರಂಗಿಲ್ಲಮ್ಮಾ,” ಎಂದರು ಡಾಕ್ಟರಮ್ಮ.

ಯುಗಾದಿಯ ಹೊತ್ತಿಗೆ ಮೌನಿಕಾಳ ನಡಿಗೆಯೂ ನಿಂತಿತು, ಮಾತೂ ನಿಂತಿತು. ಅನಿತಾ ಆಗಾಗ ನೋಡಲು ಬರುತ್ತಾಳೆ, ಒಬ್ಬಳೇ. ಐಶ್ವರ್ಯಳನ್ನು ಮಾತ್ರ ಕುರುಗೋಡಿನ ಮನೆಯ ಹೊಸ್ತಿಲು ತುಳಿಸಿಲ್ಲ. ಇದು ಅಂಟುವ ಜಡ್ಡಲ್ಲವೆಂದು ಅಕ್ಕತಂಗಿಯರಿಬ್ಬರಿಗೂ ಗೊತ್ತು. ಆದರೂ ಯಾಕೆ ಕರೆತರಲಿಲ್ಲವೆಂದು ಜ್ಯೋತಿಲಕ್ಷ್ಮಿ ಕೇಳುವುದಿಲ್ಲ. ಅದೇ ತೊಟ್ಟಿಲಲ್ಲಿ ದಡಾರ ಎದ್ದೂ ಓಡಾಡಿಕೊಂಡಿರುವ ಐಶ್ವರ್ಯಳನ್ನು ಕಣ್ಣೆತ್ತಿ ನೋಡುವ ಧೈರ್ಯ ಅವಳಿಗೂ ಇಲ್ಲ.