ಒಂಟಿ ಕಾಲುಚೀಲ

ಮೂವತ್ತೆಂಟು ಮಕ್ಕಳಿಗೆ ಒಂದು ಚಿತ್ರದ ಮೂವತ್ತೆಂಟು ಕಲರ್ ಪ್ರಿಂಟು: ನನ್ನ ಒಂದು ತಿಂಗಳ ಬಸ್ ಪಾಸಿನಷ್ಟು ಖರ್ಚು. ಪೋಸ್ಟರ್ ಬಣ್ಣದ ಡಬ್ಬಿ ಆರು: ಎರಡು ಸಲ ಅರ್ಜಿ ಬರೆಸಿಕೊಂಡು ಶಾಲೆಯೇ ಕೊಟ್ಟಿತು. ಅಸಲು ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ ತರಲು ಬಾಡಿಗೆ ಗಾಡಿ: ಅದು ನನ್ನ ಕೈಯಿಂದ. ಇನ್ನು ಚಿತ್ರದ ಬೆಲೆ. ಎರವಲು ಚೀಟಿಯಲ್ಲಿ ಆ ಖಾನೆ ಖಾಲಿ ಇರಬಾರದೆಂದು ಹೆಡ್ ಮೇಡಂ ಹಠ ಹಿಡಿದಿದ್ದರು. ಚಿತ್ರ ಬರೆದಾಕೆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಬೆಲೆಯ ಖಾನೆಯಲ್ಲಿ ‘ಹನ್ನೆರಡು ದಿನ’ ಎಂದು ಬರೆದು ಸಹಿ ಹಾಕಿದರು. ತಮಾಷೆ ಅಂದುಕೊಂಡೆ.

ಆಕೆ ಇರುವುದು ಶಾಲೆಯ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ವಯಸ್ಸು ಎಪ್ಪತ್ತಾರು. ಮಕ್ಕಳ ಬಾಯಲ್ಲಿ ಚಿತ್ರದಜ್ಜಿ. ಪುಸ್ತಕದಲ್ಲಿರುವ ಕಲಾವಿದರೆಲ್ಲ ಸತ್ತವರು, ನಮ್ಮ ನಡುವೆ ಓಡಾಡುವ ಒಬ್ಬರನ್ನು ಇಟ್ಟುಕೊಂಡು ಪಾಠ ಮಾಡೋಣ ಎಂದು ನಾನೇ ಮುಂದೆ ಬಿದ್ದಿದ್ದೆ. ಹದಿನೆಂಟು ವರ್ಷ ಅಂಗಡಿ ಬೋರ್ಡು ಬರೆದು ಆಮೇಲೆ ಡ್ರಾಯಿಂಗ್ ಟೀಚರ್ ಆದವಳು ನಾನು. ಕೆಲಸ ಗುತ್ತಿಗೆಯದು. ಮುಂದಿನ ತಿಂಗಳು ನವೀಕರಣ.

ಆ ಚಿತ್ರದಲ್ಲಿ ಇದ್ದದ್ದು ತಾರಸಿಯ ಮೇಲೆ ಬಟ್ಟೆ ಒಣಹಾಕುವ ಒಂದು ಹಗ್ಗ. ಬಲತುದಿಯಲ್ಲಿ ಮೂರು ಬಟ್ಟೆ. ಮಿಕ್ಕದ್ದೆಲ್ಲ ಬಿಳಿ. ಪ್ರಿಂಟು ಹಂಚಿದ ದಿನ ನಾನು ಮಕ್ಕಳಿಗೆ ಹೇಳಿದ್ದೆ, “ಈ ಖಾಲಿ ಜಾಗ ಅಜ್ಜಿ ನಮಗೋಸ್ಕರ ಬಿಟ್ಟಿದ್ದಾರೆ. ನಿಮ್ಮನೆ ಬಟ್ಟೆ ಒಣಹಾಕಿ ನೋಡೋಣ.” ಮಕ್ಕಳು ಅಂಗಿ, ಲಂಗ, ಟವೆಲ್ಲು ಹಾಕಿದರು. ಒಬ್ಬ ಬೆಕ್ಕನ್ನು ನೇತುಹಾಕಿ, “ಒದ್ದೆಯಾಗಿತ್ತು ಮಿಸ್” ಅಂದ. ಪಾಠ ಚೆನ್ನಾಯಿತೆಂದು ನಾನೂ ಬೀಗಿದೆ. ಖಾಲಿ ಬಿಟ್ಟದ್ದು ನಿಜವೇ ಎಂದು ಅಜ್ಜಿಯನ್ನು ಕೇಳಿರಲಿಲ್ಲ.

ಅಸಲು ಚಿತ್ರ ಬಂದ ದಿನ ಮಧ್ಯಾಹ್ನ ಮೂರಕ್ಕೆ ಅಜ್ಜಿಯೂ ಬರುವುದಿತ್ತು. ಬೆಳಿಗ್ಗೆ ಚಿತ್ರವನ್ನು ಮೇಜಿನ ಮೇಲಿಟ್ಟು, ಬಣ್ಣದ ನೀರು ತರಲು ನಲ್ಲಿಗೆ ಹೋದೆ. ಬಂದು ನೋಡಿದರೆ ಮೂರನೆಯ ಕ್ಲಾಸಿನ ಗುಬ್ಬಿ ಸ್ಟೂಲು ಹತ್ತಿ ನಿಂತಿದ್ದಾಳೆ. ಕೈಯಲ್ಲಿ ಕುಂಚ. ಹಗ್ಗದ ನಟ್ಟನಡುವೆ ಒಂದು ಕೆಂಪು ಕಾಲುಚೀಲ.

ನೀರಿನ ಬಕೆಟ್ಟು ಕೆಳಗಿಟ್ಟೆ. “ಏನೇ ಮಾಡ್ದೆ ಇದು?”

“ಪ್ರಿಂಟು ಕೊಟ್ಟ ದಿನ ನಾನು ರಜಾ ಇದ್ದೆ ಮಿಸ್. ನಂದೊಂದು ಬಾಕಿ ಇತ್ತು.”

“ಒಂದೇ ಯಾಕೆ?” ಬಾಯಿಗೆ ಬಂದದ್ದು ಅದೇ.

“ಇನ್ನೊಂದು ಕಳ್ದೋಗಿದೆ.”

ಬೋರ್ಡು ಬರೆಯುವವರ ಕೈಗೆ ಒಂದು ಅಭ್ಯಾಸ ಅಂಟಿರುತ್ತದೆ. ಅಕ್ಷರ ತಪ್ಪಿದರೆ ಒಣಗುವ ಮೊದಲೇ ಒರೆಸಬೇಕು. ತಲೆ ಯೋಚಿಸುವಷ್ಟರಲ್ಲಿ ಕೈ ಹತ್ತಿಯನ್ನು ನೀರಿಗೆ ಅದ್ದಿತ್ತು. ಒಂದು ಸಲ ಒರೆಸಿದೆ, ಕೆಂಪು ಬಂತು. ಎರಡನೆಯ ಸಲ ಗುಲಾಬಿ ಬಂತು. ಮೂರನೆಯ ಸಲ ಹತ್ತಿಗೆ ಬಂದದ್ದು ಬಿಳಿ. ಖಾಲಿ ಅಂದುಕೊಂಡ ಜಾಗದಿಂದ ಬಣ್ಣ ಬರುತ್ತಿದೆ! ಅಲ್ಲಿಗೇ ನಿಲ್ಲಿಸಬೇಕಿತ್ತು. ಅಂಚು ಸರಿಮಾಡಲು ಹೋಗಿ ಇನ್ನೂ ಎರಡು ಸಲ ಒರೆಸಿದೆ. ಚಿತ್ರದಡಿಯ ಕಂದು ಹಲಗೆ ಅಂಗೈಯಗಲ ಕಾಣಿಸಿತು.

ಕಸಪೊರಕೆ ಹಿಡಿದು ಒಳಬಂದ ಆಯಾ ಬಗ್ಗಿ ನೋಡಿದಳು. “ಅಯ್ಯೋ, ಗೋಡೆ ಸುಣ್ಣ ಕಿತ್ತಂಗಾಗಿದೆಯಲ್ಲ ಮಿಸ್! ಡಬ್ಬಿ ಬಿಳಿ ಬಳ್ದುಬಿಡಿ. ಎಪ್ಪತ್ತಾರರ ಕಣ್ಣಿಗೆ ಏನು ಗೊತ್ತಾಗತ್ತೆ?”

ಪಕ್ಕದ ರಟ್ಟಿನ ಮೇಲೆ ಡಬ್ಬಿಯ ಬಿಳಿ ಬಳಿದು ನೋಡಿದೆ. ಚಿತ್ರದ ಬಿಳಿಯ ಪಕ್ಕ ಅದು ನೀಲಿ ಹೊಡೆಯುತ್ತಿತ್ತು.

ಸುದ್ದಿ ಮುಟ್ಟಿ ಹೆಡ್ ಮೇಡಂ ಬಂದರು. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. “ನೋಡಮ್ಮಾ, ಮಗು ಮಾಡ್ತು ಅನ್ನು. ಮಗೂನ ಯಾರೂ ಬಯ್ಯಲ್ಲ. ನೀನು ಮಾಡ್ದೆ ಅಂದ್ರೆ ನಿನ್ನ ಫೈಲು ಕಮಿಟಿ ಮುಂದೆ ಹೆಂಗೆ ಇಡ್ಲಿ?”

“ಶುರು ಮಾಡಿದ್ದು ಮಗುವೇ ಮೇಡಂ.”

“ಅಷ್ಟೇ ಹೇಳು. ಸುಳ್ಳೇನಲ್ವಲ್ಲ.”

ಸುಳ್ಳಲ್ಲ ಎನ್ನುವುದೇ ಕಷ್ಟವಾಗಿತ್ತು. ಊಟದ ಡಬ್ಬಿ ತೆರೆದೆ, ಮುಚ್ಚಿದೆ. ಮನೆ ಬಾಡಿಗೆ ನೆನಪಾಯಿತು, ತಮ್ಮನ ಕಾಲೇಜು ನೆನಪಾಯಿತು. ಗುಬ್ಬಿ ಬೆಂಚಿನ ತುದಿಯಲ್ಲಿ ಕೂತು ತನ್ನ ಕುಂಚವನ್ನು ತೊಳೆದದ್ದನ್ನೇ ತೊಳೆಯುತ್ತಿದ್ದಳು. ಗಡಿಯಾರ ನೋಡುವುದು ಬೇಡವೆಂದು ಅದಕ್ಕೆ ಬೆನ್ನು ಮಾಡಿ ಕೂತೆ. ಟಿಕ್ ಟಿಕ್ ಮಾತ್ರ ಬಿಡಲಿಲ್ಲ.

ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಅಜ್ಜಿ ಬಂದರು. ಮಕ್ಕಳು ಎದ್ದು ನಮಸ್ತೆ ಹೇಳುವುದರೊಳಗೆ ಚಿತ್ರದ ಮುಂದೆ ನಿಂತಿದ್ದರು. ಮೂಗು ತಾಕುವಷ್ಟು ಬಗ್ಗಿದರು. ಬೆರಳಿನಿಂದ ಕಂದು ಜಾಗ ಸವರಿದರು.

“ಅಂಚಲ್ಲಿ ಕೆಂಪಿದೆ. ಏನಿತ್ತು ಇಲ್ಲಿ?”

“ಕಾಲುಚೀಲ,” ಗುಬ್ಬಿ ಎದ್ದು ನಿಂತಳು. “ನಂದು.”

“ಒರೆಸಿದ್ದು?”

ಗುಬ್ಬಿ ನನ್ನನ್ನು ನೋಡಲಿಲ್ಲ, ನೆಲ ನೋಡಿದಳು. ಹೆಡ್ ಮೇಡಂ ಕೆಮ್ಮಿದರು. ಎಂಟು ವರ್ಷದ ಹುಡುಗಿ ನನ್ನನ್ನು ಉಳಿಸಲು ನೆಲ ನೋಡುತ್ತಿದ್ದಾಳೆಂದು ನನಗೆ ಹೊಳೆಯಿತು.

“ನಾನು ಅಮ್ಮಾ,” ಅಂದೆ. “ಒರೆಸಿದ್ದು ನಾನು. ಇದು ಖಾಲಿ ಜಾಗ, ತುಂಬಿಸಿ ಅಂತ ಮಕ್ಕಳಿಗೆ ಹೇಳ್ಕೊಟ್ಟಿದ್ದೂ ನಾನೇ.”

“ಖಾಲಿ?” ಅಜ್ಜಿ ಸ್ಟೂಲಿನ ಮೇಲೆ ಕೂತರು. “ಸೀಮೆಸುಣ್ಣದ ಪುಡಿ ಅಂಟಲ್ಲಿ ಕಲಸಿ ಏಳು ಸಲ ಬಳ್ದಿದ್ದೀನಿ. ಪ್ರತಿ ಸಲ ಒಣಗಿಸಿ, ಉಜ್ಜಿ, ಮತ್ತೆ. ಬಟ್ಟೆ ಮೂರೂ ಒಂದೇ ದಿನದಲ್ಲಿ ಬರ್ದೆ. ಈ ಬಿಳಿಗೇ ಹನ್ನೊಂದು ದಿನ ಹಿಡೀತು. ಬಿಸಿಲು ಕಣಮ್ಮಾ ಅದು, ಬಟ್ಟೆ ಒಣಗ್ಸೋ ಬಿಸಿಲು.”

ಅಜ್ಜಿ ನನ್ನ ಕಡೆ ತಿರುಗಿದರು.

“ಕಾಲುಚೀಲ ಇದ್ದಿದ್ರೆ ನಗ್ತಾ ಮನೆಗೆ ತಗೊಂಡು ಹೋಗ್ತಿದ್ದೆ. ಹಾಳು ಮಾಡಿದ್ದು ನಿನ್ನ ಹತ್ತಿ. ಮೆಟ್ಟಿಲು ಹತ್ತಿ ಬಂದು ಒಂದು ಮಾತು ಕೇಳಕ್ಕಾಗ್ತಿರ್ಲಿಲ್ವಾ? ನಾನಿನ್ನೂ ಇದ್ದೀನಲ್ಲ!”

ಸರಿಮಾಡಬಹುದೇ ಎಂದು ಹೆಡ್ ಮೇಡಂ ಕೇಳಿದರು. ಅಜ್ಜಿ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. “ಹೋದ ವರ್ಷದ ಕೈ ಬೇರೆ, ಈ ವರ್ಷದ್ದು ಬೇರೆ.” ಚಿತ್ರಕ್ಕೆ ಕಂಬಳಿ ಸುತ್ತಿಸಿಕೊಂಡು ಬಾಗಿಲಲ್ಲಿ ತಿರುಗಿದರು. “ಇನ್ನು ಚಿತ್ರ ಕೊಡಲ್ಲ. ಬೇಕಿದ್ರೆ ಶನಿವಾರ ಮಕ್ಕಳನ್ನ ಕರ್ಕೊಂಡು ಬಾ. ಆರು ಜನಕ್ಕಿಂತ ಹೆಚ್ಚು ಬೇಡ, ನನ್ನ ಕೋಣೇಲಿ ಜಾಗ ಇಲ್ಲ. ಕಾಲುಚೀಲದವಳು ಮೊದಲು.”

ಕಮಿಟಿ ನನ್ನ ಗುತ್ತಿಗೆಯನ್ನು ವರ್ಷಕ್ಕಲ್ಲ, ಮೂರು ತಿಂಗಳಿಗೆ ಮುಂದುವರಿಸಿತು. ಶನಿವಾರಗಳಂದು ಮಕ್ಕಳು ಆರಾರು ಜನರಂತೆ ಆ ಮೆಟ್ಟಿಲು ಹತ್ತಿದರು. ಸೀಮೆಸುಣ್ಣ ಕಲಸಿದರು, ಬಳಿದರು, ಒಣಗುವವರೆಗೆ ಕಾದರು. ಗುಬ್ಬಿಯ ಹಲಗೆ ಈಗ ಐದನೆಯ ಪದರದಲ್ಲಿದೆ.

ಹೋದದ್ದು ಇಷ್ಟು: ಒಂದು ಚಿತ್ರ, ಮತ್ತೆ ಬರಲಾರದ ಹನ್ನೆರಡು ದಿನ, ನನ್ನ ಒಂಬತ್ತು ತಿಂಗಳ ಸಂಬಳದ ಭರವಸೆ. ಸಿಕ್ಕಿದ್ದು ಬಿಳಿ ಬಳಿಯಲು ಬರುವ ಮೂವತ್ತೆಂಟು ಮಕ್ಕಳು. ಎರಡೂ ಸಮ ಎಂದು ನಾನು ಹೇಳುವುದಿಲ್ಲ.