ಕಿವಿಯ ಲೆಕ್ಕ

ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಲಗಿಸಲು ಆಜರಾ ಕಡೆ ಹೋಗಿದ್ದ ಹಿಂಡು ಮಳೆಗೆ ಮುಂಚೆ ಊರಿಗೆ ಮರಳಿತು. ಹಿಂಡಿನಲ್ಲಿ ಅಣ್ಣತಮ್ಮಂದಿರ ಎಲ್ಲ ಮನೆಗಳ ಕುರಿಗಳೂ ಇದ್ದವು, ಕಾಯುವವನು ತಮ್ಮಣ್ಣ. ಬಂದ ಮರುದಿನ ಕುರಿ ಕೂಡುವ ದಡ್ಡಿಯ ಮುಂದೆ ಅವನು ಲೆಕ್ಕ ಒಪ್ಪಿಸಬೇಕು. ದಾರಿಯಲ್ಲಿ ಸತ್ತ ಕುರಿಯ ಕಿವಿ ಕೊಯ್ದು, ಉಪ್ಪು ಅರಿಶಿನ ಹಚ್ಚಿ ಒಣಗಿಸಿ, ಒಡೆಯರ ಕೈಗೆ ಕೊಡುವುದು ವಾಡಿಕೆ. ಪ್ರತಿ ಮನೆಯ ಕುರಿಯ ಕಿವಿಗೂ ಅದರದೇ ಗುರುತು. ಕಿವಿ ಬಂದರೆ ಕುರಿ ಸತ್ತಿದೆ. ಬಾರದಿದ್ದರೆ ಯಾವುದೋ ಸಂತೆಯಲ್ಲಿ ಮಾರಿಹೋಗಿದೆ.

ಈ ಸಲ ತಮ್ಮಣ್ಣ ಕಿವಿಗಳ ಬದಲು ಅವಿನಾಶನನ್ನು ತಂದಿದ್ದ. ಗಡಹಿಂಗ್ಲಜದಲ್ಲಿ ಅಂಗಡಿಕಾರರ ಅಕೌಂಟು ಬರೆಯುವವನು. ಅವನು ಲೆಕ್ಕ ಬರೆದ ಬಣ್ಣಬಣ್ಣದ ಹಾಳೆ ಹಂಚಿದ. ಮನೆತನದ ಹಿರಿಯ ಭೀಮಗೊಂಡ ಅದರಿಂದ ಗಾಳಿ ಹಾಕಿಕೊಳ್ಳುತ್ತ, “ಭಾರೀ ಮಾಡ್ಯಾನ ಬಿಡ್ರಿ. ನಾವು ಹುಚ್ಚರು, ಇಷ್ಟು ದಿನ ಒಣಾ ಕಿವಿ ಮೂಸಿ ನೋಡ್ತಿದ್ವಿ” ಎಂದ. ಉಳಿದವರು ನಕ್ಕರು.

ತಮ್ಮಣ್ಣನ ಅಣ್ಣನ ಮಗಳು ವೃಷಾಲಿ ಗೋಡೆಗೆ ಒರಗಿ ನಿಂತಿದ್ದಳು. ತನ್ನದೆಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಅಜ್ಜಿ ಕೊಟ್ಟ ಒಂದೇ ಕುರಿ. ಹಾಳೆಯಲ್ಲಿ ಅದರ ಮುಂದೆ ‘ಮೃತ’ ಎಂದಿತ್ತು.

“ಕಾಕಾ, ನನ್ನ ಕುರೀದ ಕಿವಿ?”

“ಹಾಳ್ಯಾಗ ಬರದೈತಲ್ಲವ್ವಾ.”

“ಹಾಳಿ ಬರದವ್ರು ಆಜರಾಕ್ಕ ಬಂದಿದ್ರೇನ್ರಿ?”

ಅವಿನಾಶ ಮರಾಠಿ ಬೆರೆಸಿ ಹೇಳಿದ. “ಅವರು ಹೇಳಿದ್ದ ನಾ ಬರದೇನಿ. ಬೇರೀಜ ಏಕದಮ್ ಬರೋಬರ ಆಹೆ, ತಾಯಿ.”

ಕೂಡಿದ ಬೇರೀಜು ಸರಿಯಿದ್ದರೆ ಸುಳ್ಳು ಇನ್ನಷ್ಟು ನೆಟ್ಟಗೆ ಕೂರುತ್ತದೆ, ಅಷ್ಟೇ ಅಂದುಕೊಂಡಳು ವೃಷಾಲಿ. ಬೇರೆಯವರ ಜೀವವನ್ನು ಕೈಯಲ್ಲಿ ಹಿಡಿದವನು ಕೊಡಬೇಕಾದ ಉತ್ತರವೇ ಲೆಕ್ಕ. ಈ ದೊಡ್ಡ ಗಂಡಸರು ಉತ್ತರ ಬಿಟ್ಟು ಬಣ್ಣ ನೋಡುತ್ತ ಕೂತಿದ್ದರು.

“ಕಿವಿ ಕೊಡ್ರಿ.”

“ಏನ್ ಹಟಮಾರಿ ಹುಡುಗಿಯೋ! ಚೀಲದಾಗ ಐತಿ, ತರ್ತೀನಿ ತಡಿ,” ಎಂದು ತಮ್ಮಣ್ಣ ದಡ್ಡಿಯೊಳಗೆ ಹೋದ. ಒಳಗೊಂದು ಕುರಿ ಅರಚಿತು. ಬಂದವನೇ ಅವಳ ಅಂಗೈಗೆ ಒಂದು ಕಿವಿ ಎಸೆದ. ತುದಿಯಲ್ಲಿ ಅವಳ ಮನೆಯ ಸೀಳು ಗುರುತು, ಅದೂ ಆಗಷ್ಟೇ ಸೀಳಿದ್ದು. ಕಿವಿ ಇನ್ನೂ ಬೆಚ್ಚಗಿತ್ತು.

ಎಲ್ಲರಿಗೂ ರಕ್ತ ಕಂಡಿತು. ಭೀಮಗೊಂಡ ಎಂದೂ ಇಲ್ಲದ ಶ್ರದ್ಧೆಯಿಂದ ಹಾಳೆ ಓದತೊಡಗಿದ.

“ನೋಡು, ನಿಮ್ಮ ಗುರುತ ಹೌದೊ ಅಲ್ಲೊ?” ಎಂದ ತಮ್ಮಣ್ಣ.

“ಹೌದ್ರಿ ಕಾಕಾ. ನನ್ನ ಕುರೀದ.”

ತಮ್ಮಣ್ಣ ಗೆದ್ದವನಂತೆ ಮೀಸೆ ತಿರುವಿಕೊಂಡ. ವೃಷಾಲಿ ದಡ್ಡಿಗೆ ಹೋಗಿ, ಒಂದೇ ಕಿವಿಯ ಕೊಬ್ಬಿದ ಕುರಿಯೊಂದನ್ನು ಹೊರಗೆ ಎಳೆದು ತಂದಳು.

“ಏ, ಅದು ನಂದ!” ತಮ್ಮಣ್ಣ ಕೈ ಚಾಚಿದ.

“ಇದರ ಕಿವಿ ನಂದಂತ ಎಲ್ಲಾರ ಮುಂದ ನೀವ ಒಪ್ಪಿಸಿದ್ರಿ. ಈಗ ಕುರಿ ಯಾರದು, ಹೇಳ್ರಿ.”

ತನ್ನದೆನ್ನಬೇಕಾದರೆ ಕಿವಿ ಕೊಯ್ದದ್ದನ್ನೂ ಒಪ್ಪಬೇಕು. ತಮ್ಮಣ್ಣ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಆಗ ಭೀಮಗೊಂಡನಿಗೆ ಧೈರ್ಯ ಬಂತು: “ಹೋಗ್ಲಿ ಬಿಡೊ ತಮ್ಮಾ, ಹುಡುಗಿ ಒಯ್ಯಲಿ.”

ವೃಷಾಲಿ ಹೆಗಲ ಮೇಲಿನ ಓಢಣಿಯ ತುದಿಯಿಂದ ಕುರಿಯ ಗಾಯ ಒತ್ತಿ ಹಿಡಿದು ಮನೆಯತ್ತ ನಡೆದಳು. ಅಲ್ಲಿದ್ದ ಯಾರ ಮುಖವನ್ನೂ ನೋಡಲಿಲ್ಲ. ನೋಡುವಂಥದ್ದು ಕುರಿಯ ಮುಖವೊಂದೇ ಆಗಿತ್ತು.